ಶಂಕರ ನಾಗ್: ಹನ್ನೆರಡು ವರ್ಷಗಳ ಕೆಲಸ

ಬೆಂಗಳೂರಿನ ದಕ್ಷಿಣ ಭಾಗದ ಸಾರಕ್ಕಿ ಒಂದು ಕಾಲಕ್ಕೆ ಕೆರೆ, ಗದ್ದೆ, ತೋಟಗಳಿದ್ದ ಹಳ್ಳಿ. ಈಗ ಕೆರೆಯೊಂದು ಉಳಿದುಕೊಂಡು ಮಿಕ್ಕದ್ದೆಲ್ಲ ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಇಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಜಯಪ್ರಕಾಶ ನಗರದ ಎರಡನೆಯ ಹಂತದಲ್ಲಿ, ‘ರಂಗಶಂಕರ’ವೆಂಬ ನಾಟಕಶಾಲೆಯುಂಟು. ಆ ಹೆಸರಿನೊಳಗಿರುವ ಶಂಕರ ಯಾರೆಂದು ಕೇಳಿದರೆ ನನ್ನ ವಿದ್ಯಾರ್ಥಿಗಳಲ್ಲಿ ಉತ್ತರ ತಿಳಿಯದವರು ವಿರಳ. ಊರಿನ ಆಟೋರಿಕ್ಷಾಗಳ ಬೆನ್ನ ಮೇಲೆ ದಿನವೂ ಕಾಣುವ ಮುಖ ಅದು. ಆದರೆ ಶಂಕರ ನಾಗ್ ನಿರ್ದೇಶಿಸಿದ ಚಿತ್ರಗಳು ಯಾವುವೆಂದು ಮುಂದಿನ ಪ್ರಶ್ನೆ ಹಾಕಿದರೆ ತರಗತಿ ಮೌನವಾಗುತ್ತದೆ. ಒಬ್ಬಿಬ್ಬರು ‘ಮಿಂಚಿನ ಓಟ’ದ ಹೆಸರನ್ನು ಹೇಳಿಯಾರು. ‘ಮಾಲ್ಗುಡಿ ಡೇಸ್’ ಅವರದೆಂದು ಬಲ್ಲವರು ಕೆಲವರು. ನಟನ ಮೇಲಿನ ಪ್ರೀತಿ ನಿರ್ದೇಶಕನನ್ನು ಮರೆಮಾಡಿಬಿಟ್ಟಿದೆ. ಅವರು ತೀರಿಕೊಂಡು ಮೂವತ್ತೈದು ವರ್ಷಗಳು ಸಂದಿವೆ. ನಿರ್ದೇಶಕ ಶಂಕರರ ಕೆಲಸವನ್ನು ಸಾವಧಾನವಾಗಿ ನೋಡಲು ಇಷ್ಟು ಕಾಲದ ಅಂತರ ಸಾಕೆಂದು ನನ್ನ ಭಾವನೆ.

ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಸೀಮೆಯಲ್ಲಿ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡನಾಡು ಒಂದಾಗಲು ಇನ್ನೂ ಎರಡು ವರ್ಷಗಳಿದ್ದವು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಯ ಮಾತು ಕೊಂಕಣಿ. ಅಣ್ಣ ಅನಂತ ಆರು ವರ್ಷ ಹಿರಿಯರು. ಇಬ್ಬರೂ ಮುಂದೆ ನಾಗರಕಟ್ಟೆಯನ್ನು ಕತ್ತರಿಸಿ ‘ನಾಗ್’ ಆದರು. ಆ ಕರಾವಳಿಯ ಅನೇಕ ತರುಣರಂತೆ ಶಂಕರರೂ ಓದಿಗೂ ಉದ್ಯೋಗಕ್ಕೂ ಮುಂಬಯಿಯನ್ನು ಹಿಡಿದರು. ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. ಹಗಲು ಲೆಕ್ಕದ ಪುಸ್ತಕ, ಸಂಜೆ ಮರಾಠಿ ರಂಗಭೂಮಿ. ಈ ಎರಡರಲ್ಲಿ ಯಾವುದು ಗೆದ್ದಿತೆಂದು ಬೇರೆ ಹೇಳಬೇಕಾಗಿಲ್ಲ.

ಮರಾಠಿ ರಂಗಭೂಮಿ ಆ ದಶಕದಲ್ಲಿ ದೇಶದ ಅತ್ಯಂತ ಚುರುಕಾದ ರಂಗಭೂಮಿಗಳಲ್ಲೊಂದು. ಹೊಸ ನಾಟಕಗಳು, ಕಟ್ಟುನಿಟ್ಟಾದ ತಾಲೀಮು, ವೇಳೆಗೆ ಸರಿಯಾಗಿ ಏಳುವ ಪರದೆ, ಹಣ ಕೊಟ್ಟು ನೋಡುವ ಪ್ರೇಕ್ಷಕ: ಈ ಶಿಸ್ತು ಶಂಕರರ ಮೈಗೆ ಹತ್ತಿತು. ಮುಂದೆ ಬಾಳ ಸಂಗಾತಿಯಾದ ಅರುಂಧತಿ ರಾವ್ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ. ಪುಣೆಯ ಚಾಫೇಕರ ಸಹೋದರರು ರ‍್ಯಾಂಡ್ ಎಂಬ ಆಂಗ್ಲ ಅಧಿಕಾರಿಯನ್ನು ಕೊಂದ ಪ್ರಸಂಗವನ್ನು ಕುರಿತ ಮರಾಠಿ ಚಿತ್ರ ‘22 ಜೂನ್ 1897’ಕ್ಕೆ ಚಿತ್ರಕಥೆ ಬರೆದವರಲ್ಲಿ ಶಂಕರರೂ ಒಬ್ಬರು. ಇಪ್ಪತ್ತೈದು ತುಂಬುವುದರೊಳಗೆ ಅವರು ಹೀಗೆ ಬರೆಹಗಾರರಾಗಿಯೂ ಗುರುತಿಸಿಕೊಂಡಿದ್ದರೆಂಬುದನ್ನು ನಮ್ಮಲ್ಲಿ ನೆನೆಯುವವರು ಕಡಿಮೆ.

ಅವರನ್ನು ಕನ್ನಡಕ್ಕೆ ಕರೆತಂದವರು ಗಿರೀಶ ಕಾರ್ನಾಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಗಂಡುಗಲಿಯೆಂಬ ಕೂಲಿ ಸೈನಿಕನ ಪಾತ್ರ ಶಂಕರರದು. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಜಪಾನಿನ ಕುರೋಸಾವಾ ಅವರ ಸಮುರಾಯಿ ಚಿತ್ರಗಳ ನೆರಳು ಈ ಚಿತ್ರದ ಮೇಲಿರುವುದನ್ನು ಕಾರ್ನಾಡರು ಮುಚ್ಚಿಟ್ಟವರಲ್ಲ. ನಮ್ಮ ಮಧ್ಯಯುಗದ ವೀರಗಲ್ಲುಗಳ ಲೋಕಕ್ಕೆ ಆ ನೆರಳು ಒಪ್ಪಿಕೊಂಡದ್ದು ಅಚ್ಚರಿಯ ಸಂಗತಿ. ಒಡೆಯನಿಗೆ ನಿಷ್ಠೆ, ಕತ್ತಿಗೆ ನಿಷ್ಠೆ, ಹೊಟ್ಟೆಗೆ ನಿಷ್ಠೆ, ಈ ಮೂರರ ನಡುವೆ ಸಿಕ್ಕಿಕೊಂಡ ಗಂಡುಗಲಿಯನ್ನು ಶಂಕರರು ಹೆಚ್ಚು ಮಾತಿಲ್ಲದೆ, ನಡೆಯುವ ಬಗೆಯಲ್ಲಿ, ಕಣ್ಣು ಕಿರಿದು ಮಾಡುವ ಬಗೆಯಲ್ಲಿ ಕಟ್ಟಿಕೊಟ್ಟರು. 1979ರಲ್ಲಿ ದೆಹಲಿಯಲ್ಲಿ ನಡೆದ ಭಾರತದ ಏಳನೆಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನಿಗೆ ಸಲ್ಲುವ ಬೆಳ್ಳಿಯ ನವಿಲು ಅವರಿಗೆ ದೊರೆಯಿತು. ಮೊದಲನೆಯ ಕನ್ನಡ ಚಿತ್ರ, ಇಪ್ಪತ್ತನಾಲ್ಕರ ವಯಸ್ಸು, ಹಲವು ದೇಶಗಳ ಚಿತ್ರಗಳೊಡನೆ ಸ್ಪರ್ಧೆ. ಇಂಥ ಆರಂಭ ನಮ್ಮಲ್ಲಿ ಎಷ್ಟು ಮಂದಿಗೆ ಒದಗಿದೆ?

ಪ್ರಶಸ್ತಿ ಬಂದವನಿಗೆ ಎರಡು ದಾರಿಗಳಿದ್ದವು. ಕಲಾತ್ಮಕ ಚಿತ್ರಗಳೆಂದು ಆಗ ಕರೆಯುತ್ತಿದ್ದ ಗುಂಪಿನಲ್ಲಿ ಉಳಿಯುವುದೊಂದು, ಜನಪ್ರಿಯ ಚಿತ್ರಗಳ ಸಂತೆಗೆ ಇಳಿಯುವುದೊಂದು. ಶಂಕರರು ಬೆಂಗಳೂರಿಗೆ ಬಂದು ನೆಲೆಸಿ ಎರಡನ್ನೂ ಹಿಡಿದರು. ಅಷ್ಟೇ ಅಲ್ಲ, ‘ಸಂಕೇತ್’ ಎಂಬ ನಾಟಕ ತಂಡವನ್ನೂ ಕಟ್ಟಿದರು. ಕಾರ್ನಾಡರ ‘ಅಂಜುಮಲ್ಲಿಗೆ’, ಮರಾಠಿಯ ಜಯವಂತ ದಳವಿಯವರ ‘ಬ್ಯಾರಿಸ್ಟರ್’ ಮತ್ತು ‘ಸಂಧ್ಯಾಛಾಯಾ’, ಕಡೆಕಡೆಗೆ ಕಾರ್ನಾಡರದೇ ‘ನಾಗಮಂಡಲ’ ಆ ತಂಡದ ಮೂಲಕ ಬೆಂಗಳೂರಿನ ರಂಗದ ಮೇಲೆ ಬಂದವು. ಹಗಲು ಒಂದು ಚಿತ್ರದ ಚಿತ್ರೀಕರಣ, ಸಂಜೆ ತಾಲೀಮು, ರಾತ್ರಿ ಮುಂದಿನ ಚಿತ್ರದ ಕಥೆಯ ಚರ್ಚೆ. ಅವರ ಜೊತೆ ದುಡಿದವರೆಲ್ಲ ಹೇಳುವುದು ಈ ದಿನಚರಿಯನ್ನೇ.

ನಿರ್ದೇಶಕರಾಗಿ ಅವರ ಮೊದಲ ಚಿತ್ರ 1980ರ ‘ಮಿಂಚಿನ ಓಟ’. ಕಾರುಗಳನ್ನು ಕದಿಯುವ ಕಳ್ಳರು, ಅವರು ಸಿಕ್ಕಿಬಿದ್ದು ಸೇರುವ ಸೆರೆಮನೆ, ಅಲ್ಲಿಂದ ತಪ್ಪಿಸಿಕೊಳ್ಳುವ ಸಾಹಸ: ಕಥೆ ಇಷ್ಟೇ. ಅನಂತ, ಶಂಕರ, ಲೋಕನಾಥ್ ಈ ಮೂವರು ಓಡುತ್ತಾರೆ. ಕ್ಯಾಮರಾ ಅವರ ಹಿಂದೆ ಓಡುತ್ತದೆ. ಹೊಡೆದಾಟದ ಚಿತ್ರಕ್ಕೆ ಬೇಕಾದ ವಸ್ತುವನ್ನಿಟ್ಟುಕೊಂಡು ಶಂಕರರು ಕಳ್ಳರನ್ನು ವೀರರನ್ನಾಗಿಯೂ ಮಾಡಲಿಲ್ಲ, ಖಳರನ್ನಾಗಿಯೂ ಮಾಡಲಿಲ್ಲ. ಅವರ ಹಾಸ್ಯವನ್ನು ತೋರಿಸಿದರು, ಅವರ ಭಯವನ್ನೂ ತೋರಿಸಿದರು. ಆ ಚಿತ್ರಕ್ಕೆ ಹಲವು ರಾಜ್ಯಪ್ರಶಸ್ತಿಗಳು ಸಂದವು. ಅದೇ ವರ್ಷ ‘ಜನ್ಮ ಜನ್ಮದ ಅನುಬಂಧ’, ಮರುವರ್ಷ ‘ಗೀತಾ’ ಬಂದವು. ಎರಡಕ್ಕೂ ಇಳಯರಾಜರ ಸಂಗೀತ. ‘ಗೀತಾ’ದ ಹಾಡುಗಳು ಇಂದಿಗೂ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೇಳಿಬರುತ್ತವೆ. ಚಿತ್ರದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ: ಸಾಯಲಿರುವ ನಾಯಕಿಯ ಕಥೆ ಆ ವೇಳೆಗಾಗಲೇ ಸವೆದ ನಾಣ್ಯವಾಗಿತ್ತು, ಸಂಗೀತ ಅದನ್ನು ಎತ್ತಿ ನಿಲ್ಲಿಸಿತು.

ಇದೇ ಹೊತ್ತಿಗೆ, 1980ರಲ್ಲಿ, ‘ಆಟೋ ರಾಜ’ ತೆರೆಕಂಡಿತು. ಅದನ್ನು ನಿರ್ದೇಶಿಸಿದವರು ವಿಜಯ್. ಅಲ್ಲಿಂದ ಶಂಕರರು ಶ್ರಮಿಕರ ಮೆಚ್ಚಿನ ನಾಯಕರಾದರು. ಹನ್ನೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಮೀರಿದ ಚಿತ್ರಗಳಲ್ಲಿ ನಟಿಸಿದರು. ಅವುಗಳಲ್ಲಿ ಬಹುಪಾಲು ಮತ್ತೆ ನೋಡುವಂಥವಲ್ಲವೆಂದು ನಾನು ಹೇಳಿದರೆ ಅಭಿಮಾನಿಗಳು ಮುನಿಯಬಾರದು. ವಿಮರ್ಶಕರು ಅಂದು ಇದನ್ನೇ ಅವರ ದೋಷವೆಂದು ಎಣಿಸಿದ್ದುಂಟು. ಬೆಳ್ಳಿಯ ನವಿಲನ್ನು ತಂದವನು ಹೀಗೆ ತನ್ನನ್ನು ಚೆಲ್ಲಿಕೊಳ್ಳಬಹುದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಚಿತ್ರಗಳ ದುಡಿಮೆಯೇ ನಾಟಕ ತಂಡವನ್ನು ಸಾಕಿತು ಎಂಬುದನ್ನೂ, ಮಾರುಕಟ್ಟೆಯಲ್ಲಿ ಬೆಲೆಯಿದ್ದ ನಟನೆಂಬ ಕಾರಣದಿಂದಲೇ ನಿರ್ಮಾಪಕರು ಅವರ ಬೇರೆ ಬಗೆಯ ಯೋಜನೆಗಳಿಗೆ ಕಿವಿಗೊಟ್ಟರು ಎಂಬುದನ್ನೂ ಮರೆಯುವಂತಿಲ್ಲ. ಬಲಗೈ ಗಳಿಸಿದ್ದನ್ನು ಎಡಗೈ ಖರ್ಚು ಮಾಡುತ್ತಿತ್ತು. ಈ ಲೆಕ್ಕದಲ್ಲಿ ನಷ್ಟವಾದದ್ದು ಹಣವಲ್ಲ, ಸಮಯ. ಅದು ಅವರ ಬಳಿ ಎಷ್ಟಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ‘ಆಕ್ಸಿಡೆಂಟ್’ ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಚಲನಚಿತ್ರ. ಮಾದಕ ವಸ್ತುವಿನ ಅಮಲಿನಲ್ಲಿ ಕಾರು ನಡೆಸುವ ತರುಣನೊಬ್ಬ ರಾತ್ರಿ ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಹಾಯುತ್ತಾನೆ. ಅವನ ತಂದೆ ರಾಜಕಾರಣಿ. ಈ ತಂದೆಯ ಪಾತ್ರದಲ್ಲಿ ಅನಂತ ನಾಗ್, ಸತ್ಯವನ್ನು ಹುಡುಕುವ ಪತ್ರಕರ್ತನಾಗಿ ಶಂಕರ. ಅಣ್ಣ ಮುಚ್ಚುತ್ತಾ ಹೋಗುತ್ತಾನೆ, ತಮ್ಮ ಅಗೆಯುತ್ತಾ ಹೋಗುತ್ತಾನೆ. ಚಿತ್ರದಲ್ಲಿ ಕೂಗಾಟವಿಲ್ಲ. ದೂರವಾಣಿಯ ಒಂದು ಕರೆ, ಮೇಜಿನ ಮೇಲಿನ ಒಂದು ಕಡತ, ಮೇಲಧಿಕಾರಿಯ ಒಂದು ಮೌನ, ಇಷ್ಟರಿಂದಲೇ ಅಧಿಕಾರ ಹೇಗೆ ಕೆಲಸ ಮಾಡುತ್ತದೆಂಬುದು ನಮಗೆ ಕಾಣುತ್ತದೆ. 1984ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಗಳನ್ನು ಕುರಿತ ಶ್ರೇಷ್ಠ ಚಿತ್ರವೆಂಬ ಮನ್ನಣೆ ಇದಕ್ಕೆ ಬಂತು. ಅನಂತರದ ವರ್ಷಗಳಲ್ಲಿ ನಮ್ಮ ನಗರಗಳ ರಸ್ತೆಗಳಲ್ಲಿ ಇಂಥ ಪ್ರಕರಣಗಳು ನಡೆದಾಗಲೆಲ್ಲ ಈ ಚಿತ್ರ ನೆನಪಾಗಿದೆ. ನೆನಪಾಗದಿದ್ದರೆ ಚೆನ್ನಾಗಿತ್ತು.

ಇನ್ನು ‘ಮಾಲ್ಗುಡಿ ಡೇಸ್’. ಇಲ್ಲಿ ಕೊಂಚ ನಿಧಾನವಾಗಿ ಹೋಗಬೇಕು.

ಆರ್. ಕೆ. ನಾರಾಯಣರು ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದ ಊರು ಮಾಲ್ಗುಡಿ. 1935ರಲ್ಲಿ ‘ಸ್ವಾಮಿ ಮತ್ತು ಗೆಳೆಯರು’ ಕಾದಂಬರಿಯೊಡನೆ ಅದು ಲೋಕಕ್ಕೆ ಬಂತು. ಅದಕ್ಕೆ ಸರಯೂ ನದಿಯುಂಟು, ರೈಲು ನಿಲ್ದಾಣವುಂಟು, ದೂರದಲ್ಲಿ ಮೆಂಪಿ ಬೆಟ್ಟಗಳುಂಟು. ಭೂಪಟದಲ್ಲಿ ಮಾತ್ರ ಜಾಗವಿಲ್ಲ. ಚಲನಚಿತ್ರದವರು ತಮ್ಮ ಊರನ್ನು ಏನು ಮಾಡಬಲ್ಲರೆಂಬ ಅನುಭವ ನಾರಾಯಣರಿಗೆ 1965ರಲ್ಲೇ ಆಗಿತ್ತು. ಅವರ ‘ಗೈಡ್’ ಕಾದಂಬರಿಯ ಹಿಂದಿ ಚಿತ್ರ ಮಾಲ್ಗುಡಿಯನ್ನು ಎತ್ತಿಕೊಂಡು ಹೋಗಿ ರಾಜಸ್ಥಾನದ ಅರಮನೆಗಳ ನಡುವೆ ಇಳಿಸಿತು. ಚಿತ್ರ ಗೆದ್ದಿತು, ಲೇಖಕರು ನೊಂದರು. ಕನ್ನಡದಲ್ಲಿ ಟಿ. ಎಸ್. ನಾಗಾಭರಣರು 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ನನ್ನು ತೆರೆಗೆ ತಂದು ಆ ಊರನ್ನು ದಕ್ಷಿಣಕ್ಕೆ ಮರಳಿಸಿದ್ದರು. ಅದರ ನಿರ್ಮಾಪಕ ಟಿ. ಎಸ್. ನರಸಿಂಹನ್ ಅವರೇ ಮುಂದೆ ದೂರದರ್ಶನಕ್ಕಾಗಿ ನಾರಾಯಣರ ಕಥೆಗಳ ಮಾಲಿಕೆಯನ್ನು ಯೋಜಿಸಿ ಅದನ್ನು ಶಂಕರರ ಕೈಗೆ ಕೊಟ್ಟರು.

ಶಂಕರರು ಆರಿಸಿಕೊಂಡ ಊರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಯೋಚಿಸಿದರೆ ಇದು ವಿಚಿತ್ರವಾದ ಆಯ್ಕೆ. ನಾರಾಯಣರ ಮಾಲ್ಗುಡಿ ಬಯಲುಸೀಮೆಯ ಪಟ್ಟಣ. ಆಗುಂಬೆ ಘಟ್ಟದ ತುದಿಯ ಹಳ್ಳಿ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಚಿತ್ರೀಕರಣದ ವೇಳಾಪಟ್ಟಿ ಹಾಕುವುದೇ ಧೈರ್ಯದ ಕೆಲಸ. ಸುತ್ತಲಿನ ಕಾಡು ಕುವೆಂಪು ಅವರ ಕಾದಂಬರಿಗಳಿಂದ ಕನ್ನಡ ಓದುಗನಿಗೆ ಪರಿಚಿತವಾದದ್ದು. ನಾರಾಯಣರ ಲೋಕಕ್ಕೂ ಅದಕ್ಕೂ ನಂಟಿಲ್ಲ. ಆದರೂ ಆಯ್ಕೆ ಸರಿಯಾಯಿತು. ನಿರ್ದೇಶಕರು ಹುಡುಕಿದ್ದು ಭೂಗೋಳವನ್ನಲ್ಲ, ನಡಿಗೆಯ ವೇಗವನ್ನು ಎಂದು ನನ್ನ ಊಹೆ. ಸಾಲು ಹೆಂಚಿನ ಮನೆಗಳು, ಮರದ ಕಂಬಗಳ ಜಗಲಿ, ದೊಡ್ಡಮನೆಯ ತೊಟ್ಟಿ, ಒಬ್ಬ ಹುಡುಗ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿದರೆ ಮುಗಿಯುವ ಬೀದಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರು ಅದೆಂದು ನೋಡಿದೊಡನೆ ನಂಬಿಕೆ ಬರುತ್ತದೆ; ನಾರಾಯಣರ ಕಥೆಗಳಿಗೆ ಬೇಕಾದ ಮೊದಲ ಷರತ್ತು ಅದೇ.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಮಾರುವ ಜಗನ್ನನಾಗಿ ಅನಂತ ನಾಗ್. ಇನ್ನೊಂದು ಕಂತಿನಲ್ಲಿ, ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನಾಗಿ ವಿಷ್ಣುವರ್ಧನ್. ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಆ ರಾಗದ ತುಣುಕು ಕಿವಿಗೆ ಬಿದ್ದರೆ ನನ್ನ ವಯಸ್ಸಿನವರು ಇಂದಿಗೂ ತಲೆಯೆತ್ತಿ ನೋಡುತ್ತಾರೆ. 1986ರಿಂದ ಪ್ರಸಾರವಾದ ಈ ಮಾಲಿಕೆಯಲ್ಲಿ ಶಂಕರರು ನಿರ್ದೇಶಿಸಿದ ಕಂತುಗಳು 39.

ಕಂತಿನ ಅವಧಿ ಅರ್ಧ ಗಂಟೆಗೂ ಒಳಗೆ. ಸಣ್ಣಕಥೆಯನ್ನು ಪಾಠ ಹೇಳುವವನಾಗಿ ನನಗೆ ಈ ಕಂತುಗಳ ಮೇಲೆ ವಿಶೇಷವಾದ ಗೌರವ. ನಾರಾಯಣರ ಕಥೆಗಳಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ನಡೆದದ್ದನ್ನು ಅವರು ಎತ್ತರದ ದನಿಯಲ್ಲಿ ಹೇಳುವುದೂ ಇಲ್ಲ. ಇಂಥ ಕಥೆಗೆ ತೆರೆಯ ಮೇಲೆ ಎರಡು ಅಪಾಯಗಳು. ಒಂದು, ಹಾಸ್ಯವನ್ನು ಹಿಗ್ಗಿಸುವುದು. ಇನ್ನೊಂದು, ಕರುಣೆಯನ್ನು ಕರೆದು ತರುವುದು. ಜನಪ್ರಿಯ ಚಿತ್ರಗಳಲ್ಲಿ ಇವೆರಡನ್ನೂ ದಿನವೂ ಕಂಡಿದ್ದ ಶಂಕರರು ಇಲ್ಲಿ ಎರಡನ್ನೂ ದೂರವಿಟ್ಟರು. ಗುಮಾಸ್ತನ ಕಥೆಯನ್ನೇ ನೋಡಿ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟ ತಂದೆ ಕಚೇರಿಯಿಂದ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತಾನೆ. ರಾಜೀನಾಮೆ ಬರೆಯುವಷ್ಟು ಸಿಟ್ಟು ಬರುತ್ತದೆ. ಐದು ರೂಪಾಯಿಯ ಬಡ್ತಿ ಅವನನ್ನು ಮತ್ತೆ ಕುರ್ಚಿಗೆ ಕಟ್ಟಿಹಾಕುತ್ತದೆ. ಅಲಂಕರಿಸಿಕೊಂಡು ಕಾದ ಮಗು ನಿದ್ದೆ ಹೋಗಿದೆ. ನಾಯಕನಟನಾಗಿ ಬೆಳಗುತ್ತಿದ್ದ ವಿಷ್ಣುವರ್ಧನರನ್ನು ಈ ಸೋತ ಗುಮಾಸ್ತನನ್ನಾಗಿ ಕಂಡ ಕಣ್ಣು ನಿಜವಾದ ನಿರ್ದೇಶಕನದು.

ಸ್ವಾಮಿಯ ಕಥೆಯ ಕೊನೆಯೂ ಹಾಗೆಯೇ. ಶಾಲೆಯಿಂದ ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪಿದ ಹುಡುಗ ಕ್ರಿಕೆಟ್ ಪಂದ್ಯಕ್ಕೆ ಬಾರದೆ ಗೆಳೆಯ ರಾಜಂನ ಮುನಿಸಿಗೆ ಗುರಿಯಾಗುತ್ತಾನೆ. ರಾಜಂನ ತಂದೆಗೆ ವರ್ಗವಾಗಿ ಅವರು ಊರು ಬಿಡುವ ದಿನ ಸ್ವಾಮಿ ನಿಲ್ದಾಣಕ್ಕೆ ಓಡುತ್ತಾನೆ. ಕಾದಂಬರಿಯಲ್ಲಿ ಅವನ ಕೈಯಲ್ಲಿರುವುದು ಡೆನ್ಮಾರ್ಕಿನ ಆಂಡರ್ಸನನ ಕಥೆಗಳ ಪುಟ್ಟ ಪುಸ್ತಕ. ಗೆಳೆಯ ಕ್ಷಮಿಸಿದನೋ ಇಲ್ಲವೋ ನಾರಾಯಣರು ಹೇಳುವುದಿಲ್ಲ. ತೆರೆಯ ಮೇಲೆ ಹೇಳಿಬಿಡುವ ಆಸೆಗೆ ಶಂಕರರೂ ಬೀಳಲಿಲ್ಲ. ಶಿವಮೊಗ್ಗ–ತಾಳಗುಪ್ಪ ರೈಲುಮಾರ್ಗದ ಅರಸಾಳು ಎಂಬ ಸಣ್ಣ ನಿಲ್ದಾಣವೇ ಅವರ ಮಾಲ್ಗುಡಿ ನಿಲ್ದಾಣ. ಅದರ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿಯ ನೆನಪಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಕಲ್ಪನೆಯ ಊರೊಂದಕ್ಕೆ ಹೀಗೆ ವಿಳಾಸ ದೊರೆಯಿತು.

ಆದರೆ ಕನ್ನಡದ ಅಧ್ಯಾಪಕನಾದ ನನ್ನನ್ನು ಕಾಡುವ ಮಾತೊಂದುಂಟು. ಈ ಮಾಲಿಕೆ ಕನ್ನಡದಲ್ಲಿರಲಿಲ್ಲ. ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಯಾರಾದ್ದರಿಂದ ಅದು ಹಿಂದಿಯಲ್ಲಿತ್ತು. ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ಆದವು. ಕನ್ನಡನಾಡಿನ ಊರು, ಕನ್ನಡದ ನಟರು, ಕನ್ನಡದ ನಿರ್ದೇಶಕ, ಬಾಯಲ್ಲಿ ಮಾತ್ರ ಹಿಂದಿ. ನಾನು ಚಿಕ್ಕವನಾಗಿದ್ದಾಗ ನೆರೆಮನೆಯ ಕಪ್ಪುಬಿಳುಪು ಪೆಟ್ಟಿಗೆಯಲ್ಲಿ ಇದನ್ನು ನೋಡಿದವನು. ಹಿಂದಿ ಒಂದಕ್ಷರವೂ ಬಾರದ ನನ್ನ ಅಜ್ಜಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಿದ್ದರು. ಸ್ವಾಮಿಯ ಅಜ್ಜಿ ತೆರೆಗೆ ಬಂದಾಗಲಂತೂ ತಾವೂ ಎರಡು ಮಾತು ಸೇರಿಸುತ್ತಿದ್ದರು. ನೋಟದ ಭಾಷೆ ಅಷ್ಟು ಸ್ಪಷ್ಟವಾಗಿತ್ತೆಂದು ಸಮಾಧಾನಪಡಬಹುದು. ಆದರೂ ನಮ್ಮ ಸಣ್ಣ ಊರಿನ ಬದುಕಿನ ಅತ್ಯಂತ ಪ್ರಸಿದ್ಧವಾದ ದೃಶ್ಯರೂಪ ನಮ್ಮ ನುಡಿಯಲ್ಲಿ ಹುಟ್ಟಲಿಲ್ಲವೆಂಬ ಕೊರತೆ ಕೊರತೆಯೇ. ಶಂಕರರನ್ನು ಇದಕ್ಕಾಗಿ ದೂಷಿಸಲಾಗದು. ಮನೆಯಲ್ಲಿ ಕೊಂಕಣಿ, ರಂಗದ ಮೇಲೆ ಮರಾಠಿ, ತೆರೆಯ ಮೇಲೆ ಕನ್ನಡ. ನಾಲ್ಕನೆಯದಾಗಿ ಹಿಂದಿ ಬಂದರೆ ಅವರಿಗೆ ಅದು ಭಾರವೇನಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಹೊರಗಿನ ಮನೆಮಾತಿನವರನ್ನು ಕನ್ನಡ ತನ್ನವರನ್ನಾಗಿ ಮಾಡಿಕೊಂಡಿದೆ; ತನ್ನವರನ್ನು ಹೊರಗಿನ ನುಡಿಗೆ ಒಮ್ಮೊಮ್ಮೆ ಕಳಿಸಿಕೊಟ್ಟೂ ಇದೆ.

ಅನಂತರದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. 1987ರಲ್ಲಿ ಸ್ಟೀನ್‌ಬೆಕ್ಕನ ‘ದಿ ಪರ್ಲ್’ ಕಥೆಯನ್ನಾಧರಿಸಿ ರಾಜಕುಮಾರರನ್ನು ನಾಯಕರನ್ನಾಗಿಟ್ಟುಕೊಂಡು ‘ಒಂದು ಮುತ್ತಿನ ಕಥೆ’ ಮಾಡಿದರು. ನೀರಿನಡಿಯ ದೃಶ್ಯಗಳಿಗಾಗಿ ಪಟ್ಟ ಶ್ರಮ ದೊಡ್ಡದು. ನಿರೀಕ್ಷಿಸಿದ ಗೆಲುವು ಸಿಗಲಿಲ್ಲ. ಧ್ವನಿಯ ಕೆಲಸಕ್ಕೆಂದು ಕನ್ನಡ ಚಿತ್ರಗಳು ಮದರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ‘ಸಂಕೇತ್’ ಹೆಸರಿನ ಧ್ವನಿಮುದ್ರಣ ಶಾಲೆಯನ್ನು ತೆರೆದರು. ರಾಮಕೃಷ್ಣ ಹೆಗಡೆಯವರ ಸರ್ಕಾರವಿದ್ದಾಗ ಬೆಂಗಳೂರಿಗೆ ಮೆಟ್ರೋ ರೈಲು, ನಂದಿಬೆಟ್ಟಕ್ಕೆ ತೂಗುಹಾದಿ, ಬಡವರಿಗೆ ಅಗ್ಗದ ಮನೆ ಎಂದು ಯೋಜನೆಗಳನ್ನು ಹಿಡಿದು ಓಡಾಡುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ನಟನೊಬ್ಬನ ಹುಚ್ಚೆಂದು ಕೆಲವರು ನಕ್ಕಿರಲೂಬಹುದು. 2011ರಲ್ಲಿ ನಗರದಲ್ಲಿ ಮೆಟ್ರೋ ಓಡಿತು. 2017ರಲ್ಲಿ ನಮ್ಮ ಸಾರಕ್ಕಿಯ ಪಕ್ಕದಲ್ಲೂ ಅದಕ್ಕೊಂದು ನಿಲ್ದಾಣವಾಯಿತು.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಂಬಾರರ ‘ಜೋಕುಮಾರಸ್ವಾಮಿ’ಯ ಚಿತ್ರದ ಕೆಲಸಕ್ಕೆಂದು ಅಂದಿನ ವಿಜಾಪುರ ಜಿಲ್ಲೆಯ ಲೋಕಾಪುರದ ಕಡೆಗೆ ಸಾಗುತ್ತಿದ್ದಾಗ, ದಾವಣಗೆರೆಯ ಸಮೀಪ ಆನಗೋಡಿನ ಬಳಿ ಅವರ ಕಾರು ಅಪಘಾತಕ್ಕೀಡಾಯಿತು. ಮೂವತ್ತಾರು ತುಂಬಲು ನಲವತ್ತು ದಿನ ಬಾಕಿಯಿತ್ತು. ಅದೇ ಕಾರಿನಲ್ಲಿದ್ದ ಅರುಂಧತಿಯವರು ತೀವ್ರವಾಗಿ ಗಾಯಗೊಂಡು, ದೀರ್ಘಕಾಲದ ಚಿಕಿತ್ಸೆಯ ಅನಂತರ ಎದ್ದರು. ತಮಗಾಗಿ ಒಂದು ರಂಗಮಂದಿರ ಬೇಕೆಂಬುದು ಇಬ್ಬರೂ ಕೂಡಿ ಕಂಡ ಕನಸಾಗಿತ್ತು. ಸರ್ಕಾರದಿಂದ ನಿವೇಶನ ಪಡೆದು, ಮನೆಮನೆಗೆ ಅಲೆದಂತೆ ದಾನಿಗಳಲ್ಲಿಗೆ ಅಲೆದು ಅವರು ಕಟ್ಟಿಸಿದ ‘ರಂಗಶಂಕರ’ 2004ರ ಅಕ್ಟೋಬರಿನಲ್ಲಿ ತೆರೆಯಿತು. ಸುಮಾರು ಮುನ್ನೂರು ಮಂದಿ ಕೂರುವ ಶಾಲೆ. ಗಂಟೆ ಬಾರಿಸಿದ ಮೇಲೆ ಯಾರೇ ಬರಲಿ, ಬಾಗಿಲು ತೆರೆಯುವುದಿಲ್ಲ. ಮುಂಬಯಿಯಲ್ಲಿ ಕಲಿತ ಪಾಠ ಹೀಗೆ ಜಯಪ್ರಕಾಶ ನಗರಕ್ಕೆ ಬಂದಿದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈ ನಿಯಮವನ್ನು ಕಷ್ಟದಿಂದ ಕಲಿತಿದ್ದಾರೆ.

ಹೊರಗಿನ ನುಡಿಯ ಚಿತ್ರಗಳನ್ನು ಕನ್ನಡಕ್ಕೆ ಧ್ವನಿ ಬದಲಿಸಿ ತರುವುದಕ್ಕೆ ನಮ್ಮಲ್ಲಿ ದಶಕಗಳ ಕಾಲ ವಿರೋಧವಿತ್ತು. ಅದಕ್ಕೆ ಕಾರಣಗಳೂ ಇದ್ದವು. ಆ ವಿರೋಧ ಸಡಿಲವಾದ ಮೇಲೆ, 2020ರಲ್ಲಿ, ಎಲ್ಲರೂ ಮನೆಯೊಳಗೇ ಉಳಿದಿದ್ದ ಆ ಬೇಸಗೆಯಲ್ಲಿ, ಖಾಸಗಿ ವಾಹಿನಿಯೊಂದು ‘ಮಾಲ್ಗುಡಿ ಡೇಸ್’ಅನ್ನು ಕನ್ನಡದಲ್ಲಿ ಪ್ರಸಾರ ಮಾಡಿತು. ಮೂವತ್ತನಾಲ್ಕು ವರ್ಷಗಳ ತರುವಾಯ ಸ್ವಾಮಿ ತನ್ನ ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಿದ. ನಾನು ಕುಳಿತು ನೋಡಿದೆ. ವಿಷ್ಣುವರ್ಧನರು 2009ರಲ್ಲಿ ತೀರಿಕೊಂಡಿದ್ದರು, ವೈಶಾಲಿಯವರು 2010ರಲ್ಲಿ, ಕಾರ್ನಾಡರು ಹಿಂದಿನ ವರ್ಷವಷ್ಟೇ. ತುಟಿಗಳು ಅವರವೇ, ಕೇಳಿಬಂದ ಕನ್ನಡ ಬೇರೆಯವರ ದನಿಯಲ್ಲಿತ್ತು.